ಸಂತೆಯ ಮಾತು, ಸಂಕೇತದ ಮಾತು

ಪಾರಿಭಾಷಿಕ ಪದಗಳೆಂದರೆ ವಿಶ್ವವಿದ್ಯಾನಿಲಯದ ಪಂಡಿತರು ಸಮಿತಿಗಳಲ್ಲಿ ಕುಳಿತು ಗೊತ್ತುಮಾಡತಕ್ಕ ವಿಷಯವೆಂದೂ, ಹಳ್ಳಿಯ ಶಾಲೆಯ ಉಪಾಧ್ಯಾಯರಿಗೆ ಅದರಲ್ಲಿ ಮಾಡಬೇಕಾದ ಕೆಲಸವೇನೂ ಇಲ್ಲವೆಂದೂ ನಮ್ಮಲ್ಲಿ ಒಂದು ಭಾವನೆ ಉಂಟು. ತಾಳವಾಡಿಯ ಬೆಟ್ಟಸೀಮೆಯಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಹೇಳಿಕೊಡಬೇಕಾದವನ ಮನಸ್ಸಿನಲ್ಲಿ ಈ ಭಾವನೆ ಬಹಳ ಕಾಲ ನಿಲ್ಲಲಾರದು. ಇಲ್ಲಿ ಒಂದೊಂದು ವಸ್ತುವಿಗೂ ಮೂರು ಮೂರು ಹೆಸರುಗಳು ಎದುರಾಗುತ್ತವೆ: ಪಠ್ಯಪುಸ್ತಕದ ಕನ್ನಡ ಹೆಸರು, ಸರ್ಕಾರಿ ಫಲಕದ ತಮಿಳು ಹೆಸರು, ಅಂಗಡಿಯವನ ಬಾಯಲ್ಲಿರುವ ಇಂಗ್ಲಿಷ್ ಹೆಸರು. ಹುಡುಗರು ಮೂರನ್ನೂ ಕೇಳುತ್ತಾರೆ. ಮೂರರಲ್ಲಿ ಒಂದಾದರೂ ವಸ್ತುವನ್ನು ಕಣ್ಣಿಗೆ ಕಟ್ಟುವಂತೆ ತೋರಿಸದೆ ಹೋದರೆ, ಮೂರನ್ನೂ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮಾರನೆಯ ದಿನ ಮೂರನ್ನೂ ಮರೆಯುತ್ತಾರೆ. ಆದುದರಿಂದ ಹೆಸರಿನ ಪ್ರಶ್ನೆ ನಮಗೆ ಅಲಂಕಾರದ ಪ್ರಶ್ನೆಯಲ್ಲ, ತಿಳಿವಿನ ಪ್ರಶ್ನೆ.

ಕೆಲವು ಕಾಲದ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮನೆಯ ಅಟ್ಟದಲ್ಲಿ ಸಿಕ್ಕಿದ ಹಳೆಯ ಕೈಫೋನೊಂದನ್ನು ತಂದು, ಅದರ ಬೆನ್ನಮೇಲೆ ಅಚ್ಚಾಗಿದ್ದ ಸಿ.ಡಿ.ಎಂ.ಎ. ಎಂಬ ನಾಲ್ಕು ಅಕ್ಷರಗಳನ್ನು ತೋರಿಸಿ, “ಮೇಷ್ಟ್ರೇ, ಇದನ್ನು ಕನ್ನಡದಲ್ಲಿ ಏನನ್ನಬೇಕು?” ಎಂದು ಕೇಳಿದ. ಕೋಡ್ ಡಿವಿಷನ್ ಮಲ್ಟಿಪಲ್ ಆಕ್ಸೆಸ್ ಎಂಬುದು ಆ ಅಕ್ಷರಗಳ ವಿಸ್ತಾರ. ಪದಕ್ಕೆ ಪದವನ್ನಿಟ್ಟರೆ ‘ಸಂಕೇತ ವಿಭಜನಾ ಬಹುಪ್ರವೇಶ’ ಎಂದಾಗುತ್ತದೆ. ವ್ಯಾಕರಣದಲ್ಲಿ ದೋಷವಿಲ್ಲ, ನಿಘಂಟಿನಲ್ಲಿಯೂ ದೋಷವಿಲ್ಲ. ಹುಡುಗನಿಗೆ ಅದರಿಂದ ತಿಳಿಯುವುದು ಮಾತ್ರ ಏನೂ ಇಲ್ಲ. ಯಾರು, ಎಲ್ಲಿಗೆ, ಏತಕ್ಕೆ ಪ್ರವೇಶಿಸುತ್ತಾರೆ? ವಿಭಜನೆಯಾಗುವುದು ಏನು? ಹೆಸರು ಬಾಗಿಲಿನಂತಿರಬೇಕು, ಇದು ಬಾಗಿಲಿನ ಚಿತ್ರ ಬರೆದ ಗೋಡೆ.

ಆ ಯಂತ್ರದ ಕಾಲ ಮುಗಿದುಹೋಗಿದೆಯೆಂದು ಯಾರಾದರೂ ಹೇಳಬಹುದು. ಒಂದರ್ಥದಲ್ಲಿ ಅದು ನಿಜ. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 1985ರಲ್ಲಿ ಹುಟ್ಟಿದ ಕ್ವಾಲ್‌ಕಾಂ ಎಂಬ ಸಂಸ್ಥೆ ಈ ಕ್ರಮವನ್ನು ಕೈಫೋನಿಗೆ ಹೊಂದಿಸಿತು. 1993ರಲ್ಲಿ ಅದು ಅಂಗೀಕೃತ ಮಾನಕವಾಯಿತು. ನಮ್ಮ ದೇಶದಲ್ಲಿ 2002ರ ಕೊನೆಯಲ್ಲಿ ರಿಲಯನ್ಸ್ ಕಂಪನಿ ಅದನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಟಾಟಾ ಕಂಪನಿಯೂ ಅದನ್ನೇ ಹಿಡಿಯಿತು. ತಂತಿ ಎಳೆಯಲಾಗದ ಹಳ್ಳಿಗಳಿಗೆ ಬಿ.ಎಸ್.ಎನ್.ಎಲ್. ಅದೇ ಕ್ರಮದ ದೂರವಾಣಿಯನ್ನು ಕೊಟ್ಟಿತು. 2017–18ರ ಹೊತ್ತಿಗೆ ಖಾಸಗಿ ಕಂಪನಿಗಳ ಆ ಸೇವೆ ನಿಂತುಹೋಯಿತು. ಆದರೆ ವಿದ್ಯೆ ನಿಲ್ಲಲಿಲ್ಲ. ಇಂದಿನ ಕೈಫೋನು ತಾನಿರುವ ಸ್ಥಳವನ್ನು ಕಂಡುಕೊಳ್ಳಲು ಕಿವಿಗೊಡುವ ಜಿ.ಪಿ.ಎಸ್. ಉಪಗ್ರಹಗಳೂ, ನಮ್ಮವೇ ಆದ ‘ನಾವಿಕ್’ ಉಪಗ್ರಹಗಳೂ ಇದೇ ಕ್ರಮದಲ್ಲಿ ಮಾತನಾಡುತ್ತವೆ. ‘ನಾವಿಕ್’ ವ್ಯವಸ್ಥೆಯ ಕೇಂದ್ರ 2013ರಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಆರಂಭವಾಯಿತು. ಆದುದರಿಂದ ಹುಡುಗನ ಪ್ರಶ್ನೆ ಅಟ್ಟದ ಮೇಲಿನ ಪ್ರಶ್ನೆಯಲ್ಲ, ಆಕಾಶದ ಪ್ರಶ್ನೆ.

ಹೆಸರನ್ನು ಬದಿಗಿಟ್ಟು ನಾನು ಮೊದಲು ಕೆಲಸವನ್ನು ಹೇಳಿದೆ. ನಮ್ಮ ಕಡೆಯ ಸಂತೆಯನ್ನು ನೆನೆದುಕೊಳ್ಳಿ. ಎಲೆಕೋಸು, ಬೆಳ್ಳುಳ್ಳಿ, ಅರಿಶಿನಗಳ ನಡುವೆ ನೂರಾರು ಜನ ಮಾತನಾಡುತ್ತಿರುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಅಡ್ಡಬರದಂತೆ ಮಾಡಲು ಮೂರು ಉಪಾಯಗಳುಂಟು. ಪ್ರತಿಯೊಂದು ಜೋಡಿಯನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸುವುದು ಮೊದಲನೆಯದು. ಇದು ಆವೃತ್ತಿಯನ್ನು ಹಂಚುವ ಕ್ರಮ. ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಾತನಾಡಿಸುವುದು ಎರಡನೆಯದು. ಇದು ಕಾಲವನ್ನು ಹಂಚುವ ಕ್ರಮ. ಜಿ.ಎಸ್.ಎಂ. ಎಂಬ ವ್ಯವಸ್ಥೆಯಲ್ಲಿ ಒಂದೊಂದು ಆವೃತ್ತಿಪಟ್ಟಿಯನ್ನು ಹೀಗೆ 8 ಸರದಿಗಳಾಗಿ ಹಂಚುತ್ತಾರೆ. ಮೂರನೆಯದು ಸಂತೆಯದೇ ಉಪಾಯ. ಎಲ್ಲರೂ ಒಂದೇ ಬಯಲಿನಲ್ಲಿ, ಒಂದೇ ಹೊತ್ತಿನಲ್ಲಿ ಮಾತನಾಡಲಿ. ಆದರೆ ಒಂದೊಂದು ಜೋಡಿ ಒಂದೊಂದು ಭಾಷೆಯಲ್ಲಿ ಮಾತನಾಡಲಿ. ಮೆಟ್ಟುಪಾಳ್ಯದ ವ್ಯಾಪಾರಿಯ ತಮಿಳು, ಚಾಮರಾಜನಗರದವನ ಕನ್ನಡ, ಕಾಡಿನಿಂದ ಇಳಿದು ಬಂದ ಸೋಲಿಗರ ನುಡಿ, ಬಳೆಯಂಗಡಿಯ ಉರ್ದು ಎಲ್ಲವೂ ಒಂದೇ ಗಾಳಿಯಲ್ಲಿ ಬೆರೆತಿರುತ್ತವೆ. ಆದರೂ ಅವರವರ ಕಿವಿ ಅವರವರ ನುಡಿಯನ್ನು ಹೆಕ್ಕಿಕೊಳ್ಳುತ್ತದೆ. ಉಳಿದದ್ದು ಗದ್ದಲವಾಗಿ ಹಿಂದೆ ಸರಿಯುತ್ತದೆ. ಅನ್ಯದೇಶಗಳ ಪುಸ್ತಕಗಳಲ್ಲಿಯೂ ಈ ಹೋಲಿಕೆ ಬರುವುದುಂಟು. ಅಲ್ಲಿಯವರು ಅದಕ್ಕಾಗಿ ಒಂದು ಔತಣಕೂಟವನ್ನು ಕಲ್ಪಿಸಿಕೊಳ್ಳಬೇಕು. ನಮಗೆ ಕಲ್ಪನೆಯ ಶ್ರಮವಿಲ್ಲ.

ಹೋಲಿಕೆ ಎಷ್ಟು ಚೆನ್ನಾಗಿದ್ದರೂ ಅದು ಹೋಲಿಕೆಯೇ. ಲೆಕ್ಕದಲ್ಲಿ ನೋಡಿದ ಹೊರತು ವಿದ್ಯಾರ್ಥಿಗೆ ತೃಪ್ತಿಯಾಗಬಾರದು. ಕರಿಹಲಗೆಯ ಮೇಲೆ ಇಬ್ಬರಿಗೆ ಎರಡು ಸಂಕೇತಗಳನ್ನು ಬರೆಯಿರಿ. ಮೊದಲನೆಯವನದು +1, +1, −1, −1. ಎರಡನೆಯವನದು +1, −1, +1, −1. ‘ಹೌದು’ ಎನ್ನಬೇಕಾದವನು ತನ್ನ ಸಂಕೇತವನ್ನು ಇದ್ದಂತೆಯೇ ಕಳುಹಿಸಲಿ. ‘ಅಲ್ಲ’ ಎನ್ನಬೇಕಾದವನು ಚಿಹ್ನೆಗಳನ್ನು ತಿರುಗಿಸಿ ಕಳುಹಿಸಲಿ. ಮೊದಲನೆಯವನು ‘ಹೌದು’ ಎಂದ, ಎರಡನೆಯವನು ‘ಅಲ್ಲ’ ಎಂದ ಎಂದಿಟ್ಟುಕೊಳ್ಳೋಣ. ಗಾಳಿಯಲ್ಲಿ ಎರಡೂ ಕೂಡಿ 0, +2, −2, 0 ಆಗುತ್ತದೆ. ಇದರಲ್ಲಿ ಯಾರ ಮಾತೂ ಕಾಣುವುದಿಲ್ಲ. ಈಗ ಇದನ್ನು ಮೊದಲನೆಯವನ ಸಂಕೇತದಿಂದ ಸ್ಥಾನಕ್ಕೆ ಸ್ಥಾನ ಗುಣಿಸಿ ಕೂಡಿ: +4 ಬರುತ್ತದೆ, ‘ಹೌದು’. ಎರಡನೆಯವನ ಸಂಕೇತದಿಂದ ಗುಣಿಸಿ ಕೂಡಿ: −4 ಬರುತ್ತದೆ, ‘ಅಲ್ಲ’. ಮಾತನಾಡದೆ ಕುಳಿತ ಮೂರನೆಯವನೊಬ್ಬನ ಸಂಕೇತ +1, −1, −1, +1 ಎಂದಾದರೆ ಅದರಿಂದ ಗುಣಿಸಿ ಕೂಡಿ: ಸೊನ್ನೆ. ಅವನು ಸುಮ್ಮನಿದ್ದಾನೆ ಎಂದು ಲೆಕ್ಕವೇ ಹೇಳುತ್ತದೆ. ಒಂದು ಸಂಕೇತವನ್ನು ಇನ್ನೊಂದರಿಂದ ಹೀಗೆ ಗುಣಿಸಿ ಕೂಡಿದಾಗ ಸೊನ್ನೆ ಬಂದರೆ ಅವು ಪರಸ್ಪರ ಲಂಬವಾಗಿವೆಯೆಂದು ಗಣಿತಜ್ಞರು ಹೇಳುತ್ತಾರೆ. ಕೈಫೋನಿನ ಮೊದಲ ಮಾನಕದಲ್ಲಿ ಗೋಪುರವು ಬಳಸುತ್ತಿದ್ದ ಇಂಥ ಸಂಕೇತಗಳು 64.

ಈ ಲೆಕ್ಕವನ್ನು ಹುಡುಗರು ಹತ್ತು ನಿಮಿಷಗಳಲ್ಲಿ ಮಾಡಿದರು. ತೊಡಕು ಬಂದದ್ದು ಅದನ್ನು ಕನ್ನಡದ ವಾಕ್ಯದಲ್ಲಿ ಬರೆಯಹೊರಟಾಗ. ಇಂಗ್ಲಿಷಿನ ಕೋಡ್, ಸಿಗ್ನಲ್, ಸಿಂಬಲ್ ಎಂಬ ಮೂರು ಬೇರೆಬೇರೆ ಮಾತುಗಳಿಗೂ ನಮ್ಮ ಪುಸ್ತಕಗಳಲ್ಲಿ ‘ಸಂಕೇತ’ ಎಂಬ ಒಂದೇ ಮಾತು ದುಡಿಯುವುದುಂಟು. ಜಲಜನಕದ ಎಚ್ ಅಕ್ಷರವೂ ಸಂಕೇತ, ರೇಡಿಯೋ ಅಲೆ ತರುವುದೂ ಸಂಕೇತ, ಗುಟ್ಟಿನ ಬರೆಹವೂ ಸಂಕೇತ. ‘ಸಂಕೇತವನ್ನು ಸಂಕೇತದಿಂದ ಗುಣಿಸಿ ಸಂಕೇತವನ್ನು ಪಡೆಯಬೇಕು’ ಎಂದು ಹುಡುಗಿಯೊಬ್ಬಳು ಬರೆದಾಗ ತರಗತಿಯೆಲ್ಲ ನಕ್ಕಿತು; ಅವಳೂ ನಕ್ಕಳು. ಆದರೆ ಅವಳು ತಿಳಿಯದೆ ಬರೆದದ್ದಲ್ಲ, ತಿಳಿದೇ ಬರೆದದ್ದು. ಕೊರತೆ ಅವಳ ತಿಳಿವಿನದಲ್ಲ, ನಾವು ಅವಳ ಕೈಗೆ ಕೊಟ್ಟ ಪದಗಳದು. ಅಲೆಯ ಮೂಲಕ ಬರುವುದನ್ನು ಸಂಜ್ಞೆ ಎಂದೂ, ಅದರೊಳಗಿನ ಒಂದೊಂದು ಗುರುತನ್ನು ಚಿಹ್ನೆ ಎಂದೂ, ಬಿಡಿಸಲು ಬೇಕಾದ ಅಂಕೆಗಳ ಸಾಲನ್ನು ಮಾತ್ರ ಸಂಕೇತ ಎಂದೂ ಗೊತ್ತುಮಾಡಿಕೊಂಡೆವು. ಮೂರೂ ಹೊಸ ಪದಗಳಲ್ಲ; ಹೊಸದಾದದ್ದು ಅವುಗಳ ನಡುವಣ ಬದು ಮಾತ್ರ. ಹೊಲಕ್ಕೆ ಬದು ಹಾಕಿದಂತೆ ಪದಕ್ಕೂ ಬದು ಹಾಕಬೇಕಾಗುತ್ತದೆ.

ಇನ್ನು ಸ್ಪೆಕ್ಟ್ರಂ ಎಂಬ ಮಾತು. ಪಟ್ಟಕದಿಂದ ಒಡೆದ ಬೆಳಕಿನ ಏಳು ಬಣ್ಣಗಳನ್ನು ನಮ್ಮ ಪಠ್ಯಪುಸ್ತಕ ರೋಹಿತವೆನ್ನುತ್ತದೆ. ಸರ್ಕಾರ ಹರಾಜು ಹಾಕುವ ರೇಡಿಯೋ ಅಲೆಗಳ ಪಟ್ಟಿಯನ್ನು ಕನ್ನಡ ಪತ್ರಿಕೆಗಳು ತರಂಗಾಂತರವೆನ್ನುತ್ತವೆ. ಆದರೆ ಆ ಮಾತು ಬಹುಕಾಲದಿಂದ ಒಂದು ಅಲೆಯ ಉದ್ದಕ್ಕೂ ಸಲ್ಲುತ್ತಿದೆ. ಎರಡು ವಸ್ತುಗಳಿಗೆ ಒಂದೇ ಹೆಸರು, ಒಂದೇ ವಸ್ತುವಿಗೆ ಎರಡು ಹೆಸರು. ಘಟ್ಟದ ಕೆಳಗಿನ ತಮಿಳು ಪತ್ರಿಕೆಯಲ್ಲಿ ಇದೇ ವಿಷಯಕ್ಕೆ ‘ಅಲೈಕ್ಕಟ್ರೈ’ ಎಂದು ಬರೆಯುತ್ತಾರೆ. ಅಲೈ ಎಂದರೆ ಅಲೆ, ಕಟ್ರೈ ಎಂದರೆ ಕಂತೆ. ಅಲೆಗಳ ಕಂತೆ! ಕೇಳಿದೊಡನೆ ಕೈಯಲ್ಲಿ ಹಿಡಿದಂತಾಗುತ್ತದೆ. ನೆರೆಯವರ ಮನೆಯಲ್ಲಿ ಒಳ್ಳೆಯ ಒನಕೆ ಇದ್ದರೆ ಕೇಳಿ ತರುವುದರಲ್ಲಿ ನಮಗೆ ನಾಚಿಕೆಯಿಲ್ಲ. ಪದದ ವಿಷಯದಲ್ಲಿ ಮಾತ್ರ ಏಕೆ ನಾಚಬೇಕು? ರೇಡಿಯೋವಿಗೆ ನಾವು ಬಾನುಲಿ ಎನ್ನುತ್ತೇವೆ, ಅವರು ವಾನೊಲಿ ಎನ್ನುತ್ತಾರೆ. ಒಂದೇ ತಾಯಿಯ ಮಕ್ಕಳ ಮುಖದಂತೆ ಹೋಲುವ ಎರಡು ಮಾತುಗಳು. ಕೊಡುವುದರಲ್ಲಿಯೂ ಕನ್ನಡ ನಾಡು ಹಿಂದೆ ಬಿದ್ದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ಆರಂಭಿಸಿದ ಬಾನುಲಿ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ದೇಶದ ಬಾನುಲಿ ಸಂಸ್ಥೆ ತನ್ನದಾಗಿ ಮಾಡಿಕೊಂಡಿತು.

ಸ್ಪ್ರೆಡ್ ಸ್ಪೆಕ್ಟ್ರಂ ಎಂಬುದರ ಮೊದಲ ಪದಕ್ಕೆ ‘ಪ್ರಸರಿತ’ ಎಂದೋ ‘ವಿಸ್ತೃತ’ ಎಂದೋ ಹೇಳಬಹುದು. ಆದರೆ ಬೇಯಿಸಿದ ಅರಿಶಿನವನ್ನು ಅಂಗಳದಲ್ಲಿ ತೆಳ್ಳಗೆ ಹಾಕುವುದಕ್ಕೆ ನಮ್ಮ ತಾಯಂದಿರು ಏನೆನ್ನುತ್ತಾರೆ? ಹರವುವುದು ಎನ್ನುತ್ತಾರೆ. ಈ ವಿದ್ಯೆಯ ಜೀವ ಇರುವುದು ಅದೇ ಕ್ರಿಯೆಯಲ್ಲಿ. ಸೆಕೆಂಡಿಗೆ 9,600 ಬಿಟ್ಟುಗಳಾಗಿ ಹರಿಯುವ ಒಂದು ಧ್ವನಿಯನ್ನು ಕಿರಿದಾದ ಪಟ್ಟಿಯಲ್ಲಿ ರಾಶಿ ಹಾಕಿ ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ 1.25 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲೆಲ್ಲ ಹರವುತ್ತಾರೆ. ಇರುವ ಶಕ್ತಿ ಅಷ್ಟೇ. ಆದರೆ ಪದರ ಎಷ್ಟು ತೆಳ್ಳಗಾಗುತ್ತದೆಂದರೆ ಯಾವ ಒಂದು ಜಾಗದಲ್ಲಿ ನೋಡಿದರೂ ಅದು ಗದ್ದಲದಲ್ಲಿ ಮುಚ್ಚಿಹೋಗಿರಬಹುದು. ಸಂಕೇತ ಗೊತ್ತಿದ್ದವನು ಅದನ್ನು ಮತ್ತೆ ಬಾಚಿ ರಾಶಿ ಮಾಡುತ್ತಾನೆ. ಗೊತ್ತಿಲ್ಲದವನಿಗೆ ಅಲ್ಲಿ ಏನೋ ಇದೆಯೆಂದೂ ತಿಳಿಯುವುದಿಲ್ಲ. ಸೈನ್ಯದವರು ಈ ಗುಣಕ್ಕಾಗಿಯೇ ಇದನ್ನು ಮೊದಲು ಬಯಸಿದರು. ಆದುದರಿಂದ ‘ಹರವಿದ ಅಲೆಪಟ್ಟಿ’ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ, ಮತ್ತು ಅದು ಅಪಚಾರವೇನೂ ಅಲ್ಲ.

ಹರವುವುದಕ್ಕಾಗಿ ಒಂದೊಂದು ಬಿಟ್ಟನ್ನೂ ಸಂಕೇತದಿಂದ ಸೀಳಿ 128 ತುಂಡುಗಳನ್ನಾಗಿ ಮಾಡುತ್ತಾರೆ. ಸೆಕೆಂಡಿಗೆ ಒಟ್ಟು 12,28,800 ತುಂಡುಗಳು. ಇಂಗ್ಲಿಷಿನಲ್ಲಿ ಈ ತುಂಡಿಗೆ ಚಿಪ್ ಎಂಬ ಹೆಸರು. ಕಂಪ್ಯೂಟರಿನೊಳಗಿನ ಸಿಲಿಕಾನ್ ಚಿಪ್ಪಿಗೂ ಇದೇ ಹೆಸರಿರುವುದರಿಂದ ಹುಡುಗರು ಎರಡನ್ನೂ ಒಂದೇ ಎಂದು ಭಾವಿಸುತ್ತಾರೆ. ಕೊಡಲಿಯ ಪೆಟ್ಟಿಗೆ ಮರದಿಂದ ಹಾರುವ ತುಣುಕನ್ನು ನಾವು ಚಕ್ಕೆ ಎನ್ನುತ್ತೇವಷ್ಟೆ. ಬಿಟ್ಟಿನ ಚಕ್ಕೆ ಎಂದರೆ ಗೊಂದಲ ತಾನಾಗಿ ತೀರುತ್ತದೆ. ಇಲ್ಲಿ ಕನ್ನಡವು ಇಂಗ್ಲಿಷಿಗಿಂತ ಸ್ಪಷ್ಟವಾಗಿದೆ ಎಂದು ಹೇಳಿದಾಗ ಮಕ್ಕಳ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆಯಲಾರೆ.

ಒಂದು ಚಕ್ಕೆಯ ಕಾಲಾವಧಿಯಲ್ಲಿ ಅಲೆ ಸುಮಾರು 244 ಮೀಟರ್ ದೂರ ಸಾಗುತ್ತದೆ. ಬೆಟ್ಟದ ನಾಡಿನಲ್ಲಿ ಈ ಲೆಕ್ಕಕ್ಕೆ ಬೆಲೆ ಉಂಟು. ಗೋಪುರದಿಂದ ನೇರವಾಗಿ ಬಂದ ಸಂಜ್ಞೆಯೊಡನೆ, ಎದುರು ಬೆಟ್ಟದ ಬಂಡೆಗೆ ತಗುಲಿ ಹಿಂದಿರುಗಿದ ಅದರ ಮಾರ್ದನಿಯೂ ಸ್ವಲ್ಪ ತಡವಾಗಿ ಬಂದು ಸೇರುತ್ತದೆ. ಬೇರೆ ಕ್ರಮಗಳಲ್ಲಿ ಮಾರ್ದನಿ ತೊಂದರೆಯೇ ಸರಿ. ಈ ಕ್ರಮದಲ್ಲಿ ಆ ಎರಡು ಹಾದಿಗಳ ಅಂತರ ಒಂದು ಚಕ್ಕೆಗಿಂತ ಹೆಚ್ಚಾಗಿದ್ದರೆ ಅವನ್ನು ಬೇರೆಬೇರೆಯಾಗಿ ಗುರುತಿಸಿ, ಸರಿಹೊಂದಿಸಿ, ಒಟ್ಟುಗೂಡಿಸಬಹುದು. 1958ರಲ್ಲಿ ಪ್ರೈಸ್ ಮತ್ತು ಗ್ರೀನ್ ಎಂಬ ಇಬ್ಬರು ಇದನ್ನು ಪ್ರಕಟಿಸಿ, ಕಸ ಬಾಚುವ ಹಲ್ಲುಗೋಲಿನ ಹೆಸರನ್ನು ಆ ಗ್ರಾಹಕಕ್ಕೆ ಇಟ್ಟರು. ದೊಡ್ಡ ವಿಜ್ಞಾನಿಗಳು ತೋಟದ ಸಾಮಾನಿನಿಂದ ಹೆಸರು ತರಲು ಹಿಂಜರಿಯಲಿಲ್ಲ. ಕಣದಿಂದಲೂ ಅಂಗಳದಿಂದಲೂ ಪದ ತರಲು ನಾವೇಕೆ ಹಿಂಜರಿಯಬೇಕು?

ಸಂತೆಯ ಹೋಲಿಕೆ ಕುಂಟುವ ಜಾಗವನ್ನೂ ಮಕ್ಕಳಿಗೆ ತೋರಿಸಬೇಕು. ಸಂಕೇತಗಳು ಪರಸ್ಪರ ಲಂಬವಾಗಿದ್ದರೆ ಮಾತ್ರ ಲೆಕ್ಕ ಸೊನ್ನೆಗೆ ಬರುತ್ತದೆ. ಒಂದನ್ನೊಂದು ಹೋಲಿದರೆ ಒಬ್ಬನ ಮಾತು ಇನ್ನೊಬ್ಬನ ಕಿವಿಯಲ್ಲಿ ಅರ್ಧಂಬರ್ಧ ಕೇಳುತ್ತದೆ. ಕನ್ನಡ ತಮಿಳುಗಳು ಲಂಬವಲ್ಲ, ಅಕ್ಕತಂಗಿಯರು. ಆದುದರಿಂದಲೇ ನಮ್ಮ ಮಕ್ಕಳಿಗೆ ಲಾಭವೂ ಉಂಟು, ತೊಡಕೂ ಉಂಟು. ತಮಿಳಿನ ಭೌತವಿಜ್ಞಾನದಲ್ಲಿ ‘ಅಲಗು’ ಎಂದರೆ ಮೀಟರ್, ಕಿಲೋಗ್ರಾಂ ಮೊದಲಾದ ಅಳತೆಯ ಏಕಮಾನ. ಕನ್ನಡದಲ್ಲಿ ಅಲಗು ಎಂದರೆ ಕತ್ತಿಯ ಬಾಯಿ. ಉದ್ದದ ಅಲಗನ್ನು ಬರೆಯಿರಿ ಎಂದು ಕೇಳಿದರೆ ಕನ್ನಡದ ಹುಡುಗ ಕುಡುಗೋಲಿನ ಚಿತ್ರ ಬರೆದರೂ ಆಶ್ಚರ್ಯವಿಲ್ಲ.

ಇನ್ನೊಂದು ನಿಯಮವೂ ಈ ಕ್ರಮದಲ್ಲಿದೆ. ಗೋಪುರದ ಹತ್ತಿರ ಇರುವವನು ಕೂಗಿ ಮಾತನಾಡಿದರೆ ದೂರದ ಕಣಿವೆಯಲ್ಲಿರುವವನ ದನಿ ಮುಳುಗಿಹೋಗುತ್ತದೆ. ಆದುದರಿಂದ ಗೋಪುರವು ಪ್ರತಿಯೊಂದು ಕೈಫೋನಿಗೂ ಸೆಕೆಂಡಿಗೆ 800 ಸಲ ‘ದನಿ ಏರಿಸು’ ಅಥವಾ ‘ದನಿ ಇಳಿಸು’ ಎಂದು ಅಪ್ಪಣೆ ಕೊಡುತ್ತಿರುತ್ತದೆ. ಎಲ್ಲರ ದನಿಯೂ ಗೋಪುರಕ್ಕೆ ಸಮವಾಗಿ ಮುಟ್ಟಬೇಕು. ಆಗಲೇ ಎಲ್ಲರ ಮಾತೂ ನಡೆಯುತ್ತದೆ. ಇದನ್ನು ‘ಶಕ್ತಿ ನಿಯಂತ್ರಣ’ ಎನ್ನುವುದು ಸಾಕು. ಆದರೆ ಮುಂದಿನ ಬೆಂಚಿನವರ ದನಿಯಲ್ಲಿ ಹಿಂದಿನ ಬೆಂಚಿನ ಸೋಲಿಗರ ಹುಡುಗಿಯ ಉತ್ತರ ಮುಳುಗುವುದನ್ನು ಕಂಡ ಉಪಾಧ್ಯಾಯರಿಗೆ ಇದರ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹ್ಯಾಂಡಾಫ್ ಎಂಬ ಮಾತು. ಮಾತನಾಡುತ್ತಲೇ ಪ್ರಯಾಣ ಮಾಡುವವನನ್ನು ಒಂದು ಗೋಪುರ ಇನ್ನೊಂದರ ವಶಕ್ಕೆ ಕೊಡಬೇಕಾಗುತ್ತದೆ. ಇದಕ್ಕೆ ಹಸ್ತಾಂತರವೆಂಬ ಒಳ್ಳೆಯ ಮಾತು ನಮ್ಮಲ್ಲಿದೆ. ಬೇರೆ ಕ್ರಮಗಳಲ್ಲಿ ಹಳೆಯ ಗೋಪುರದ ಕೈಬಿಟ್ಟು ಹೊಸದನ್ನು ಹಿಡಿಯಬೇಕು. ನಡುವಣ ಕ್ಷಣದಲ್ಲಿ ತಪ್ಪಿದರೆ ಮಾತು ಕಡಿಯುತ್ತದೆ. ಹರವಿದ ಕ್ರಮದಲ್ಲಿ ನೆರೆಹೊರೆಯ ಗೋಪುರಗಳೆಲ್ಲ ಒಂದೇ ಆವೃತ್ತಿಯಲ್ಲಿರುವುದರಿಂದ ಕೈಫೋನು ಎರಡನ್ನೂ ಒಟ್ಟಿಗೆ ಹಿಡಿದಿರಬಹುದು. ಹೊಸದು ಭದ್ರವಾದಮೇಲೆ ಹಳೆಯದನ್ನು ಮೆಲ್ಲಗೆ ಬಿಡುತ್ತದೆ. ಇದು ಮೃದು ಹಸ್ತಾಂತರ. ಮಗುವನ್ನು ಒಬ್ಬಳ ಸೊಂಟದಿಂದ ಇನ್ನೊಬ್ಬಳ ಸೊಂಟಕ್ಕೆ ಕೊಡುವಾಗ ಒಂದು ಗಳಿಗೆ ನಾಲ್ಕು ಕೈಗಳೂ ಮಗುವಿನ ಮೇಲಿರುತ್ತವಲ್ಲವೆ, ಹಾಗೆ.

ನಮ್ಮ ಸೀಮೆ ಹಸ್ತಾಂತರವನ್ನು ಬಲ್ಲದು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಆಧಾರದ ಮೇಲೆ ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಅದೇ ಇಂದಿನ ಈರೋಡು ಜಿಲ್ಲೆ. 2006ರ ತಮಿಳು ಕಲಿಕೆಯ ಕಾಯಿದೆಯಿಂದ ಒಂದನೆಯ ತರಗತಿಯಿಂದ ಮೊದಲುಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯದ ಪಾಠವಾಗುತ್ತ ಬಂದಿತು. ಇರುವ ನಾಡಿನ ಭಾಷೆಯನ್ನು ಕಲಿಯುವುದು ಒಳ್ಳೆಯದೇ. ಅದರಲ್ಲಿ ನನಗೆ ಜಗಳವಿಲ್ಲ. ನನ್ನ ಚಿಂತೆ ನಡುವಣ ಆ ಕ್ಷಣದ್ದು.

ನನ್ನ ವಿದ್ಯಾರ್ಥಿನಿಯೊಬ್ಬಳು ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ತರಗತಿಗೇ ಮೊದಲಿಗಳಾಗಿದ್ದಳು. ಹತ್ತನೆಯ ತರಗತಿ ಮುಗಿಸಿ, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು, ಕೆಳಗಿನ ಊರಿನ ಶಾಲೆಯೊಂದನ್ನು ಸೇರಿದಳು. ಒಂದು ವರ್ಷದಲ್ಲಿ ವಿಜ್ಞಾನವನ್ನು ಬಿಟ್ಟಳು. ಏಕಮ್ಮಾ ಎಂದು ಕೇಳಿದ್ದಕ್ಕೆ, “ಅವರು ಹೇಳೋದು ನನಗೆ ಗೊತ್ತಿರೋದೇ ಮೇಷ್ಟ್ರೇ. ಆದರೆ ಅದು ಅದೇ ಅಂತ ತಿಳಿಯೋ ಹೊತ್ತಿಗೆ ಪಾಠ ಮುಂದಕ್ಕೆ ಹೋಗಿರುತ್ತೆ” ಎಂದಳು. ಅವಳ ಬುದ್ಧಿ ಕಡಮೆಯಾಗಿರಲಿಲ್ಲ. ಹಳೆಯ ಗೋಪುರದ ಕೈ ಬಿಟ್ಟುಹೋಗಿತ್ತು, ಹೊಸದು ಇನ್ನೂ ಹಿಡಿದಿರಲಿಲ್ಲ, ಮಾತು ಕಡಿದುಹೋಯಿತು.

ಇಂಥ ಮಕ್ಕಳನ್ನು ನೆನೆದೇ ನಾನು ಈಗ ಪಾಠದ ಕ್ರಮವನ್ನು ಹೀಗೆ ಇಟ್ಟುಕೊಂಡಿದ್ದೇನೆ. ಮೊದಲು ವಸ್ತುವಿನ ಕೆಲಸವನ್ನು ಮನೆಯ ಮಾತಿನಲ್ಲಿ ಹೇಳುವುದು. ಆಮೇಲೆ ಆ ಕೆಲಸದಿಂದಲೇ ಹುಟ್ಟಿದ ಕನ್ನಡದ ಹೆಸರನ್ನು ಕೊಡುವುದು. ಅದು ಮನಸ್ಸಿನಲ್ಲಿ ನಿಂತ ಕೂಡಲೆ, ಅದೇ ದಿನ, ಅದೇ ಪುಟದಲ್ಲಿ, ತಮಿಳಿನ ಹೆಸರನ್ನೂ ಇಂಗ್ಲಿಷಿನ ಹೆಸರನ್ನೂ ಪಕ್ಕದಲ್ಲಿ ಬರೆಸುವುದು. ಹರವು, ಚಕ್ಕೆ, ಸಂಜ್ಞೆ, ಹಸ್ತಾಂತರ ಎಂದು ಕಲಿತವನಿಗೆ ಆ ಬೇರೆ ಹೆಸರುಗಳು ತಿಳಿದ ವಸ್ತುವಿನ ಮೇಲೆ ಅಂಟಿಸಿದ ಇನ್ನೊಂದು ಚೀಟಿ ಮಾತ್ರ. ಕನ್ನಡವೊಂದೇ ಸಾಕೆನ್ನುವವರೂ, ಇಂಗ್ಲಿಷೊಂದೇ ಸಾಕೆನ್ನುವವರೂ ಮಗುವನ್ನು ಎರಡು ಕೈಗಳಲ್ಲಿ ಮಾತ್ರ ಹಿಡಿಯುತ್ತಾರೆ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಎಷ್ಟೋ ವಸ್ತುಗಳಿಗೆ ಕನ್ನಡದಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲವೆಂದು ಅವರು ಬರೆಯದೆ ಉಳಿಯಲಿಲ್ಲ. ಬರೆಯುತ್ತ ಬರೆಯುತ್ತ ಹೆಸರುಗಳನ್ನು ಕಂಡುಕೊಂಡರು. ನಮ್ಮ ಕೆಲಸ ಅದಕ್ಕಿಂತ ಚಿಕ್ಕದು. ತಾಳವಾಡಿಯ ಸುತ್ತಿನ ಒಂದೊಂದು ಶಾಲೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಮ್ಮ ಊರಿನ ಕಣ, ಗಾಣ, ಮಗ್ಗ, ಕಾಡುಗಳಲ್ಲಿ ಬಳಕೆಯಲ್ಲಿರುವ ಐದು ಕ್ರಿಯಾಪದಗಳನ್ನು, ಅವು ಹೊಂದಬಹುದಾದ ಪಾಠದ ಹೆಸರಿನೊಡನೆ, ಈ ಪತ್ರಿಕೆಗೆ ಕಳುಹಿಸಿದರೆ ಸಾಕು. ಸೋಲಿಗರ ಮಕ್ಕಳು ತಮ್ಮ ನುಡಿಯವನ್ನೂ ಸೇರಿಸಲಿ. ಅವೆಲ್ಲವನ್ನೂ ಅಂಗಳದಲ್ಲಿ ಹರವಿ ನೋಡೋಣ. ಮುಂದಿನ ಪರೀಕ್ಷೆಯೊಳಗೆ ಒಂದು ಸಣ್ಣ ರಾಶಿಯಾದರೂ ಆಗದೆ ಇರದು.